ರೋಗದ ಹೆಸರು ಹೇಳದೆ ಕೇಸ್ ಸ್ಟಡಿ ಕಲಿಸುವ ಬಗೆ

ನಮ್ಮ ನರ್ಸಿಂಗ್ ಕಾಲೇಜುಗಳಿಗೆ ಕೇಸ್ ಸ್ಟಡಿ ಹೊಸದೇನಲ್ಲ. ಜಿ.ಎನ್.ಎಂ. ಡಿಪ್ಲೊಮಾ ಆಗಲಿ, ಬಿ.ಎಸ್ಸಿ. ಆಗಲಿ, ವಾರ್ಡಿನ ಪೋಸ್ಟಿಂಗ್‌ಗೆ ಹೋದ ವಿದ್ಯಾರ್ಥಿಗಳು ಕೇರ್ ಸ್ಟಡಿ, ಕೇಸ್ ಪ್ರೆಸೆಂಟೇಷನ್ ಎಂದು ಫೈಲುಗಟ್ಟಲೆ ಬರೆದೇ ಬರೆಯುತ್ತಾರೆ. ಮೊದಲ ಪುಟದಲ್ಲಿ ವಯಸ್ಸು, ಐ.ಪಿ. ನಂಬರು, ಅದರ ಕೆಳಗೆ ಡಯಾಗ್ನೋಸಿಸ್. ನಡುವೆ ಪುಸ್ತಕ ಹೇಳುವ ಲಕ್ಷಣಗಳಿಗೆ ‘ಬುಕ್ ಪಿಕ್ಚರ್’, ರೋಗಿಯಲ್ಲಿ ಕಂಡವಕ್ಕೆ ‘ಪೇಷಂಟ್ ಪಿಕ್ಚರ್’ ಎಂಬ ಎರಡು ಕಾಲಂಗಳು. ಕೊನೆಗೆ ಒಂದು ಕೇರ್ ಪ್ಲಾನ್. ಇದರಿಂದ ಬರವಣಿಗೆ ರೂಢಿಯಾಗುತ್ತದೆ, ರೋಗದ ಪರಿಚಯವೂ ಆಗುತ್ತದೆ. ಆದರೆ ಮೊದಲ ಪುಟದಲ್ಲೇ ಹೆಸರು ಬರೆದಿರುವ ರೋಗಕ್ಕೆ ಲಕ್ಷಣಗಳನ್ನು ಹೊಂದಿಸುವುದು ಒಂದು ಕೆಲಸವಾದರೆ, ಹೆಸರಿಲ್ಲದ ಲಕ್ಷಣವೊಂದು ಕಣ್ಣೆದುರು ನಿಂತಾಗ ಈಗ ಏನು ಮಾಡಬೇಕೆಂದು ತೀರ್ಮಾನಿಸುವುದು ಬೇರೆಯೇ ಕೆಲಸ. ಕ್ಲಿನಿಕಲ್ ಜಡ್ಜ್‌ಮೆಂಟ್ ಎಂದು ನಾವು ಕರೆಯುವ ವಿವೇಚನೆ ಈ ಎರಡನೆಯದು, ಮತ್ತು ಅದನ್ನು ಕಲಿಸಲು ಪ್ರಕರಣವನ್ನು ಬೇರೆ ರೀತಿಯಲ್ಲಿ ಕಟ್ಟಬೇಕಾಗುತ್ತದೆ.

ಇದು ನನಗೆ ಹೊಳೆದದ್ದು ನನ್ನದೇ ತರಗತಿಯ ಸೋಲಿನಿಂದ. ಪಾಠ ಮಾಡಲು ಸೇರಿದ ಹೊಸದರಲ್ಲಿ ಮೂರು ಪುಟಗಳ ಪ್ರಕರಣವೊಂದನ್ನು ಟೈಪ್ ಮಾಡಿಸಿ ಹಂಚಿದ್ದೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಬಿಟ್ಟ ವೃದ್ಧರೊಬ್ಬರು ಮಂಕಾದ ಕಥೆ ಅದು. ರಕ್ತದ ಸಕ್ಕರೆ ತೀರಾ ಇಳಿದು 48 ಆಗಿತ್ತು ಎಂಬುದೂ ಅದರಲ್ಲಿಯೇ ಅಚ್ಚಾಗಿತ್ತು. ಇಡೀ ತರಗತಿ ಸರಿಯಾದ ಉತ್ತರ ಬರೆಯಿತು, ನನಗೂ ಸಂತೋಷವಾಯಿತು. ಮುಂದಿನ ವಾರ ವಾರ್ಡಿನಲ್ಲಿ ಅಂಥದ್ದೇ ಒಬ್ಬ ಅಜ್ಜ ಬೆವರಿ ತೊದಲುತ್ತಿದ್ದಾಗ, ಅತಿ ಹೆಚ್ಚು ಅಂಕ ಪಡೆದಿದ್ದ ಹುಡುಗಿ ಪಕ್ಕದಲ್ಲೇ ನಿಂತು ಬಿ.ಪಿ. ನೋಡಿ, ಬರೆದುಕೊಂಡು, ಮುಂದಿನ ಹಾಸಿಗೆಗೆ ಹೋಗಿಬಿಟ್ಟಳು. ಗ್ಲೂಕೋಮೀಟರ್ ಕೈಗೆ ತೆಗೆದುಕೊಳ್ಳಬೇಕೆಂದು ಅವಳಿಗೆ ಅನಿಸಲೇ ಇಲ್ಲ. ತಪ್ಪು ಅವಳದಲ್ಲ, ಆ ಅನಿಸಿಕೆ ಹುಟ್ಟಬೇಕಾದ ಜಾಗವನ್ನೆಲ್ಲ ನನ್ನ ಪ್ರಕರಣದಲ್ಲಿ ನಾನೇ ತುಂಬಿಟ್ಟಿದ್ದೆ.

ಈ ವಿಷಯದಲ್ಲಿ ಶಿಕ್ಷಕರಿಗೆ ಹೆಚ್ಚು ಬಳಕೆಗೆ ಬರುವ ಚೌಕಟ್ಟು ಅಮೆರಿಕದ ಕ್ರಿಸ್ಟೀನ್ ಟ್ಯಾನರ್ ಅವರು 2006ರಲ್ಲಿ ಪ್ರಕಟಿಸಿದ್ದು. ನರ್ಸ್ ಒಬ್ಬರ ವಿವೇಚನೆಯನ್ನು ಅವರು ಗಮನಿಸುವುದು, ಅರ್ಥ ಮಾಡಿಕೊಳ್ಳುವುದು, ಸ್ಪಂದಿಸುವುದು, ಹಿಂದಿರುಗಿ ಯೋಚಿಸುವುದು ಎಂಬ ನಾಲ್ಕು ಭಾಗಗಳಲ್ಲಿ ವಿವರಿಸುತ್ತಾರೆ. ಅದಕ್ಕೂ ಮೊದಲು, 1984ರಲ್ಲಿ, ಪೆಟ್ರೀಷಿಯಾ ಬೆನ್ನರ್ ಅವರು ಹೊಸಬರಿಂದ ಪರಿಣತರವರೆಗಿನ ಐದು ಹಂತಗಳನ್ನು ಗುರುತಿಸಿದ್ದರು. ಹೊಸಬರು ನಿಯಮಕ್ಕೆ ಜೋತುಬೀಳುತ್ತಾರೆ, ಅನುಭವಿಗಳು ಸನ್ನಿವೇಶವನ್ನು ಇಡಿಯಾಗಿ ಕಾಣುತ್ತಾರೆ ಎಂಬುದು ಅದರ ಸಾರ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವನ್ನು ಸೆಮಿಸ್ಟರ್ ಪದ್ಧತಿಗೆ ತಂದು, ನಿಜ ಸನ್ನಿವೇಶವನ್ನು ಅನುಕರಿಸಿ ಕಲಿಸುವ ಸಿಮ್ಯುಲೇಷನ್‌ಗೂ ಜಾಗ ಕೊಟ್ಟಿದೆ. ಬೆಲೆಬಾಳುವ ಮ್ಯಾನಿಕಿನ್ (ರೋಗಿಯ ಬದಲು ಬಳಸುವ ಬೊಂಬೆ) ಇಲ್ಲದ ಕಾಲೇಜುಗಳಲ್ಲಿ, ಅಂದರೆ ನಮ್ಮ ಕಡೆಯ ಬಹುಪಾಲು ಕಾಲೇಜುಗಳಲ್ಲಿ, ಈ ನಾಲ್ಕು ಭಾಗಗಳನ್ನು ಅಭ್ಯಾಸ ಮಾಡಿಸಲು ಕಾಗದದ ಚೀಟಿಗಳೇ ಸಾಕು.

ಪ್ರಕರಣವನ್ನು ಆರಿಸುವುದು

ಮೊದಲು ರೋಗವನ್ನು ಆರಿಸಬೇಡಿ, ತೀರ್ಮಾನದ ಕ್ಷಣವನ್ನು ಆರಿಸಿ. ‘ಕೀಟನಾಶಕ ವಿಷಪ್ರಾಶನ’ ಎಂಬುದು ಒಂದು ಪಾಠದ ಶೀರ್ಷಿಕೆ ಮಾತ್ರ. ಆದರೆ ‘ವಿಷಕ್ಕೆ ಮದ್ದಾದ ಅಟ್ರೋಪಿನ್ ನಡೆಯುತ್ತಿದೆ, ಎರಡನೆಯ ದಿನ ರೋಗಿ ಚೆನ್ನಾಗಿ ಮಾತನಾಡುತ್ತಿದ್ದಾನೆ, ಹಾಸಿಗೆಯ ಚಾದರ ಬದಲಿಸುವಾಗ ಅವನಿಗೆ ದಿಂಬಿನಿಂದ ತಲೆ ಎತ್ತಲಾಗುತ್ತಿಲ್ಲ’ ಎಂಬುದು ತೀರ್ಮಾನದ ಕ್ಷಣ. ಆರ್ಗನೋಫಾಸ್ಫೇಟ್ ಎಂಬ ಗುಂಪಿನ ಕೀಟನಾಶಕಗಳ ವಿಷದಲ್ಲಿ 24ರಿಂದ 96 ಗಂಟೆಗಳ ನಡುವೆ ಕುತ್ತಿಗೆಯ ಸ್ನಾಯುಗಳು ಸೋತು, ಆಮೇಲೆ ಉಸಿರಾಟದ ಸ್ನಾಯುಗಳೂ ಸೋಲಬಹುದು. ಆ ಮೊದಲ ಸುಳಿವು ಸಾಮಾನ್ಯವಾಗಿ ಕಾಣಿಸುವುದು ರೌಂಡ್ಸ್‌ಗೆ ಬಂದ ವೈದ್ಯರಿಗಲ್ಲ, ಚಾದರ ಬದಲಿಸುವ ನರ್ಸ್‌ಗೆ. ಮೆಕ್ಕೆಜೋಳ, ಭತ್ತ, ಹತ್ತಿ ಬೆಳೆಯುವ ನಮ್ಮ ದಾವಣಗೆರೆ, ಚಿತ್ರದುರ್ಗ ಸೀಮೆಯಲ್ಲಿ ಇಂಥ ರೋಗಿಯನ್ನು ವಿದ್ಯಾರ್ಥಿಗಳು ಒಂದಲ್ಲ ಒಂದು ದಿನ ನೋಡಿಯೇ ನೋಡುತ್ತಾರೆ.

ಆ ತೀರ್ಮಾನ ನರ್ಸ್‌ಗೆ ಸೇರಿದ್ದಾಗಿರಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಎಂ.ಬಿ.ಬಿ.ಎಸ್. ಪ್ರಶ್ನೆ ಪುಸ್ತಕದಿಂದ ಎತ್ತಿದ ಪ್ರಕರಣಗಳು ‘ಇದು ಯಾವ ರೋಗ?’ ಎಂದು ಕೇಳುತ್ತವೆ. ನಮಗೆ ಬೇಕಾದ ಪ್ರಶ್ನೆಗಳು ಬೇರೆ: ಈ ರೋಗಿ ಹದಗೆಡುತ್ತಿದ್ದಾರೆಯೇ, ಯಾರನ್ನು ಮೊದಲು ನೋಡಲಿ, ಇನ್ನೇನು ಪರೀಕ್ಷಿಸಲಿ, ಯಾರನ್ನು ಎಷ್ಟು ಬೇಗ ಕರೆಯಲಿ, ಅವರು ಬರುವವರೆಗೆ ನನ್ನ ಕೈ ಎಲ್ಲಿರಬೇಕು.

ಪ್ರಕರಣಗಳು ಸಿಗುವುದು ವಾರ್ಡಿನಲ್ಲೇ. ಆದರೆ ನಮ್ಮದು ಎಲ್ಲರೂ ಎಲ್ಲರಿಗೂ ಪರಿಚಿತರಾಗಿರುವ ಊರು. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮಲಗಿದವರು ತರಗತಿಯ ಎರಡನೆಯ ಬೆಂಚಿನ ಹುಡುಗನ ಅತ್ತೆಯಾಗಿರಬಹುದು. ಆದ್ದರಿಂದ ಊರು, ವಯಸ್ಸು, ಮನೆತನದ ವಿವರ, ದಾಖಲಾದ ದಿನ ಎಲ್ಲವನ್ನೂ ಬದಲಿಸಿ, ಸಾಧ್ಯವಾದರೆ ಇಬ್ಬರು ಮೂವರ ಪ್ರಸಂಗಗಳನ್ನು ಬೆರೆಸಿ ಒಂದು ಮಾಡಿ. ಕೇಸ್ ಶೀಟಿನ ಫೋಟೋ ತೆಗೆದು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ. ಬರೆದಾದ ಮೇಲೆ ಆ ವಾರ್ಡಿನಲ್ಲಿ ದುಡಿದ ಹಿರಿಯ ಸ್ಟಾಫ್ ನರ್ಸ್ ಒಬ್ಬರಿಂದ ಓದಿಸಿ. ‘ಇಷ್ಟು ಪಲ್ಸ್ ಇರೋರು ಹಿಂಗೆಲ್ಲ ಮಾತಾಡಲ್ಲ ಮೇಡಂ’ ಎಂದು ಅವರು ತಿದ್ದುವ ಒಂದು ಸಾಲು ನಮ್ಮ ಪುಸ್ತಕದ ಹತ್ತು ಪುಟಕ್ಕೆ ಸಮ.

ಚೀಟಿಗಳಾಗಿ ಬಿಡಿಸುವುದು: ಒಂದು ಮಾದರಿ

ವಾರ್ಡಿನಲ್ಲಿ ಮಾಹಿತಿ ಒಮ್ಮೆಲೇ ಸಿಗುವುದಿಲ್ಲ, ತುಂಡುತುಂಡಾಗಿ, ಬೇಡದ ವಿವರಗಳ ಜೊತೆ ಬೆರೆತು ಸಿಗುತ್ತದೆ. ಪ್ರಕರಣವೂ ಹಾಗೆಯೇ ಇರಲಿ. ನಾನು ಮೂರು ಚೀಟಿಗಳನ್ನೂ, ನನ್ನ ಕೈಯಲ್ಲೇ ಉಳಿಯುವ ಒಂದು ಉತ್ತರದ ಹಾಳೆಯನ್ನೂ ಸಿದ್ಧ ಮಾಡಿಕೊಳ್ಳುತ್ತೇನೆ. ಹೆರಿಗೆ ವಾರ್ಡಿನ ಪ್ರಕರಣವೊಂದನ್ನು ಪೂರ್ತಿಯಾಗಿ ಕೊಡುತ್ತೇನೆ.

ಮೊದಲ ಚೀಟಿ: ಮಧ್ಯಾಹ್ನ 2 ಗಂಟೆ, ಪಾಳಿ ಬದಲಾಗುತ್ತಿದೆ. 6ನೇ ಹಾಸಿಗೆಯಲ್ಲಿ ಜಗಳೂರು ಕಡೆಯ 24 ವರ್ಷದ ಬಾಣಂತಿ, ಎರಡನೆಯ ಹೆರಿಗೆ. ನೋವು ಬಹಳ ಹೊತ್ತು ನಡೆದು, ನೋವು ಹೆಚ್ಚಿಸುವ ಆಕ್ಸಿಟೋಸಿನ್ ಡ್ರಿಪ್ ಹಾಕಿದ ಮೇಲೆ 12.20ಕ್ಕೆ ಸಹಜ ಹೆರಿಗೆಯಾಗಿದೆ. ಮಗು 3.6 ಕಿಲೋ. 1.30ಕ್ಕೆ ಬರೆದ ಪಲ್ಸ್ 88, ಬಿ.ಪಿ. 116/74, ಉಸಿರು 18. ಬೆಳಗಿನ ಪಾಳಿಯ ಸಿಸ್ಟರ್ ಹೇಳಿದ್ದು: ‘ಏನೂ ತೊಂದರೆ ಇಲ್ಲ, ಆರಾಮಾಗಿದ್ದಾರೆ.’

ಎರಡನೆಯ ಚೀಟಿ: 2.30. ಬಾಣಂತಿಗೆ ಕಿವಿ ಮುಚ್ಚುವಂತೆ ಸ್ಕಾರ್ಫ್ ಕಟ್ಟಿ ಕುತ್ತಿಗೆವರೆಗೆ ಕಂಬಳಿ ಹೊದಿಸಿದ್ದಾರೆ. ಅತ್ತೆ ಹೇಳುತ್ತಾರೆ: ‘ಈಗ ಕಣ್ಣು ಮುಚ್ಚ್ಯಾಳೆ, ಎಬ್ಬಿಸಬ್ಯಾಡ್ರಿ ಸಿಸ್ಟರಮ್ಮ, ರಾತ್ರಿಯೆಲ್ಲ ನಿದ್ದೆ ಇಲ್ಲ.’ ಪಲ್ಸ್ 104, ಬಿ.ಪಿ. 112/76, ಉಸಿರು 22. ಎಬ್ಬಿಸಿದರೆ ‘ನೀರು ಕೊಡ್ರಿ’ ಎನ್ನುತ್ತಾಳೆ. ಪ್ಯಾಡ್ ಒಂದೇ ಬದಲಿಸಿದ್ದಾರೆ. ಡ್ರಿಪ್ ಹಾಕಿದ ಕೈ ಸ್ವಲ್ಪ ಊದಿದೆ. ಮಗು ಮೊಲೆ ಹಿಡಿಯುತ್ತಿಲ್ಲವೆಂದು ಮನೆಯವರಿಗೆ ಚಿಂತೆ. ಅದೇ ಹೊತ್ತಿಗೆ 9ನೇ ಹಾಸಿಗೆಯ ಸಿಸೇರಿಯನ್ ಆದವರು ನೋವಿನಿಂದ ಕೂಗುತ್ತಿದ್ದಾರೆ, ಅವರ ಅಣ್ಣ ನಿಮ್ಮನ್ನು ಗದರುತ್ತಿದ್ದಾನೆ.

ಮೂರನೆಯ ಚೀಟಿಯನ್ನು ಗುಂಪು ತೀರ್ಮಾನ ಬರೆದುಕೊಟ್ಟ ಮೇಲೆಯೇ ಕೊಡಬೇಕು. 2.50: ಪಲ್ಸ್ 124, ಬಿ.ಪಿ. 98/70, ಕೈಕಾಲು ತಣ್ಣಗೆ, ‘ಕಣ್ಣು ಕತ್ತಲೆ ಬಂದಂಗೆ ಆಗ್ತೈತೆ’ ಎನ್ನುತ್ತಾಳೆ.

ಉತ್ತರದ ಹಾಳೆಯಲ್ಲಿರುವುದನ್ನು ಕೇಳಿದವರಿಗೆ ಮಾತ್ರ ಹೇಳಬೇಕು. ಗರ್ಭಕೋಶ ಮುಟ್ಟಿ ನೋಡುತ್ತೇವೆ ಎಂದವರಿಗೆ: ಮೆತ್ತಗಿದೆ, ಹೊಕ್ಕಳಿಗಿಂತ ಎರಡು ಬೆರಳು ಮೇಲೆ, ಬಲಕ್ಕೆ ಸರಿದಿದೆ. ಮೂತ್ರದ ಬಗ್ಗೆ ಕೇಳಿದವರಿಗೆ: ಹೆರಿಗೆಯಾದ ಮೇಲೆ ಹೋಗಿಲ್ಲ. ಕಂಬಳಿ ಸರಿಸಿ ಕೆಳಗೆ ನೋಡುತ್ತೇವೆ ಎಂದವರಿಗೆ: ಸೊಂಟದ ಕೆಳಗೆ ಮನೆಯಿಂದ ತಂದ ಹಳೆಯ ಸೀರೆಯ ಮಡಿಕೆ ಇದೆ, ಅದು ಪೂರ್ತಿ ತೊಯ್ದಿದೆ. ತಾಯಿ ಕಾರ್ಡ್ ಕೇಳಿದವರಿಗೆ: ಎಂಟನೇ ತಿಂಗಳಲ್ಲಿ ಹಿಮೋಗ್ಲೋಬಿನ್ 8.9. ಯಾವುದನ್ನೂ ಕೇಳದ ಗುಂಪಿಗೆ ಯಾವುದೂ ಸಿಗುವುದಿಲ್ಲ. ಆ ಮೌನವನ್ನು ಕರುಣೆಯಿಂದ ಮುರಿಯಲು ಹೋಗಬೇಡಿ, ಏಕೆಂದರೆ ವಾರ್ಡಿನಲ್ಲೂ ಹಾಸಿಗೆ ತಾನಾಗಿ ಮಾತನಾಡುವುದಿಲ್ಲ.

ಈ ಪ್ರಕರಣದಲ್ಲಿ ಕಲಿಯಬೇಕಾದದ್ದು ಎರಡನೆಯ ಚೀಟಿಯಲ್ಲಿದೆ. ಗರ್ಭಿಣಿಯರ ದೇಹದಲ್ಲಿ ರಕ್ತದ ಪ್ರಮಾಣ ಹೆಚ್ಚಿರುವುದರಿಂದ ಹೆರಿಗೆಯ ನಂತರದ ರಕ್ತಸ್ರಾವದಲ್ಲಿ (ಪಿ.ಪಿ.ಎಚ್.) ಬಿ.ಪಿ. ತಡವಾಗಿ ಇಳಿಯುತ್ತದೆ, ಪಲ್ಸ್ ಮೊದಲು ಏರುತ್ತದೆ. ಪಲ್ಸನ್ನು ಮೇಲಿನ ಬಿ.ಪಿ.ಯಿಂದ ಭಾಗಿಸಲು ಹೇಳಿ: 1.30ಕ್ಕೆ 0.76, 2.30ಕ್ಕೆ 0.93, 2.50ಕ್ಕೆ 1.27. ಈ ಅನುಪಾತ 0.9 ದಾಟಿದರೆ ಬಾಣಂತಿಯಲ್ಲಿ ಎಚ್ಚರಗೊಳ್ಳಬೇಕು. ಅಂದರೆ ಬಿ.ಪಿ. ‘ನಾರ್ಮಲ್’ ಎಂದು ಚಾರ್ಟಿನಲ್ಲಿ ಬರೆಯುವ ಹೊತ್ತಿಗೇ ಲೆಕ್ಕ ಬೇರೆ ಹೇಳುತ್ತಿತ್ತು. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ ರೂಢಿಯಿರುವ ಗುಂಪಿಗೇ ಆ 22 ಅರ್ಥವಾಗುತ್ತದೆ. ನಮ್ಮ ವಾರ್ಡುಗಳ ಚಾರ್ಟುಗಳಲ್ಲಿ ಎಲ್ಲ ರೋಗಿಗಳೂ ನಿಮಿಷಕ್ಕೆ 18 ಅಥವಾ 20 ಬಾರಿ ಉಸಿರಾಡುವ ಪವಾಡವನ್ನು ಇಲ್ಲಿಯೇ ಒಮ್ಮೆ ಪ್ರಸ್ತಾಪಿಸಿಬಿಡಿ. ‘ಒಂದೇ ಪ್ಯಾಡ್’ ಎಂಬ ಮಾತಿನ ಹಿಂದೆ ಮನೆಯ ಬಟ್ಟೆ ಲೆಕ್ಕಕ್ಕೆ ಸಿಗದೆ ಉಳಿಯುತ್ತದೆ; ತೊಯ್ದ ಬಟ್ಟೆಯನ್ನು ತೂಗಿ, ಒಣ ಬಟ್ಟೆಯ ತೂಕ ಕಳೆದರೆ, ಉಳಿದ ಒಂದು ಗ್ರಾಂಗೆ ಸುಮಾರು ಒಂದು ಮಿ.ಲೀ. ರಕ್ತ. ಊದಿದ ಕೈ ಮೊದಲ ನೋಟಕ್ಕೆ ಬೇಡದ ವಿವರದಂತಿದೆ, ಆದರೆ ತುರ್ತಿನಲ್ಲಿ ಆ ಲೈನ್ ಕೆಲಸಕ್ಕೆ ಬಾರದು ಎಂಬುದು ಅದರ ಅರ್ಥ. ಹಿಮೋಗ್ಲೋಬಿನ್ ಕಡಿಮೆ ಇರುವವರಿಗೆ ಹೋದ ರಕ್ತ ಅಪಾಯದ ಗಡಿಯೆನಿಸಿದ 500 ಮಿ.ಲೀ. ತಲುಪುವ ಮೊದಲೇ ಅಪಾಯ ಬರಬಹುದು. ರಕ್ತಸ್ರಾವ ತಡೆಯುವ ಔಷಧಿಯಾದ ಟ್ರಾನೆಕ್ಸಾಮಿಕ್ ಆಮ್ಲವನ್ನು ಹೆರಿಗೆಯಾದ ಮೂರು ಗಂಟೆಯೊಳಗೆ ಕೊಡಬೇಕೆಂದು 2017ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿದೆ, ಹಾಗಾದರೆ 2.50ಕ್ಕೆ ಎಷ್ಟು ನಿಮಿಷ ಉಳಿದಿವೆ ಎಂದು ಕೇಳಿದಾಗ, ಹೆರಿಗೆಯ ಸಮಯವನ್ನು ಬರೆದುಕೊಳ್ಳದ ಗುಂಪುಗಳು ಮೊದಲ ಚೀಟಿಯನ್ನು ಹುಡುಕಾಡುತ್ತವೆ.

ಸ್ಪಂದನೆಯ ಭಾಗದಲ್ಲಿ ವಿದ್ಯಾರ್ಥಿಯನ್ನು ವಿದ್ಯಾರ್ಥಿಯ ಪಾತ್ರದಲ್ಲೇ ಇರಿಸಿ. ‘ಎರಡು ದೊಡ್ಡ ಕ್ಯಾನ್ಯುಲಾ ಹಾಕಿ, ಆಕ್ಸಿಟೋಸಿನ್ ಕೊಟ್ಟು, ರಕ್ತಕ್ಕೆ ವ್ಯವಸ್ಥೆ ಮಾಡುತ್ತೇನೆ’ ಎಂದು ಎರಡನೇ ವರ್ಷದ ಹುಡುಗ ಬರೆದರೆ ಅದು ಪುಸ್ತಕದ ಸಾಲು, ಅವನು ಮಾಡಬಲ್ಲ ಕೆಲಸವಲ್ಲ. ಅವನು ಮಾಡಬಹುದಾದದ್ದು ಬಾಣಂತಿಯನ್ನು ಬಿಟ್ಟು ಹೋಗದಿರುವುದು, ಗರ್ಭಕೋಶವನ್ನು ಗಟ್ಟಿಯಾಗುವವರೆಗೆ ತಿಕ್ಕುವುದು, ಮೂತ್ರಕೋಶ ತುಂಬಿದೆ ಎಂಬುದನ್ನು ತಿಳಿಸುವುದು, ಮತ್ತು ಸ್ಟಾಫ್ ಸಿಸ್ಟರ್‌ಗೆ ಕೇಳುವ ಹಾಗೆ ಒಂದು ಸ್ಪಷ್ಟ ಮಾತು ಹೇಳುವುದು. ಆ ಮಾತನ್ನು ಬರೆಸಬೇಡಿ, ಎದ್ದು ನಿಂತು ಆಡಿಸಿ. ‘ಸಿಸ್ಟರ್, 6ನೇ ಬೆಡ್ ಬಾಣಂತಿಗೆ ಪಲ್ಸ್ 104 ಐತೆ, ಒಂದೂವರೆಗೆ 88 ಇತ್ತು. ಯೂಟ್ರಸ್ ಮೆತ್ತಗೈತೆ, ಕೆಳಗಿನ ಬಟ್ಟೆ ಪೂರ್ತಿ ತೊಯ್ದೈತೆ. ಈಗಲೇ ಬರಬೇಕು’ ಎಂದು ಹೇಳಲು ಹತ್ತು ಸೆಕೆಂಡು ಸಾಕು, ಆದರೆ ಮೊದಲ ಸಲ ಯಾರಿಗೂ ಬರುವುದಿಲ್ಲ. ‘ಸಿಸ್ಟರ್, ಆ ಪೇಷಂಟ್ ಯಾಕೋ ಒಂಥರಾ ಇದ್ದಾರೆ’ ಎಂದು ನಿಂತುಬಿಡುತ್ತಾರೆ. ಆ ‘ಒಂಥರಾ’ವನ್ನು ಗೇಲಿ ಮಾಡಬೇಡಿ. ಗಮನಿಸುವಿಕೆ ಶುರುವಾಗುವುದೇ ಅಲ್ಲಿಂದ. ಯಾವುದನ್ನು ಕಂಡು ಹಾಗನ್ನಿಸಿತು ಎಂದು ಕೇಳುತ್ತಾ ಹೋದರೆ ಅದೇ ಮಾತು ಅಂಕಿಯಾಗಿ, ಲಕ್ಷಣವಾಗಿ ಬಿಡಿಸಿಕೊಳ್ಳುತ್ತದೆ.

ರೋಗಿಯ ಮಾತು ರೋಗಿಯ ಭಾಷೆಯಲ್ಲಿ

ನಮ್ಮ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಜನ ಕನ್ನಡ ಮಾಧ್ಯಮದಿಂದ ಬಂದವರು. ಪಾಠ ಇಂಗ್ಲಿಷಿನಲ್ಲಿ, ರೋಗಿ ಕನ್ನಡದಲ್ಲಿ, ಚಾರ್ಟ್ ಮತ್ತೆ ಇಂಗ್ಲಿಷಿನಲ್ಲಿ. ಈ ಎರಡು ದಾಟುವಿಕೆಗಳ ನಡುವೆ ಸುಳಿವು ಕಳೆದುಹೋಗುತ್ತದೆ. ‘ಸಂಕಟ ಆಗ್ತೈತೆ’ ಎಂದರೆ ಹೊಟ್ಟೆ ತೊಳಸುವುದಿರಬಹುದು, ಎದೆ ಒತ್ತಿದಂತಾಗುವುದಿರಬಹುದು, ಉಸಿರು ಸಾಲದಿರುವುದೂ ಇರಬಹುದು. ಅದನ್ನು ಚಾರ್ಟಿನಲ್ಲಿ ‘ನಾಸಿಯಾ’ ಎಂದು ಬರೆದ ಕ್ಷಣವೇ ಉಳಿದ ಎರಡು ಅರ್ಥಗಳು ಸತ್ತವು. ಆದ್ದರಿಂದ ಚೀಟಿಗಳಲ್ಲಿ ರೋಗಿಯ ಮತ್ತು ಮನೆಯವರ ಮಾತನ್ನು ಅವರು ಆಡುವಂತೆಯೇ ಬರೆಯಿರಿ, ಮತ್ತು ಅದರ ಅರ್ಥ ಖಚಿತವಾಗಲು ಇನ್ನೇನು ಕೇಳಬೇಕು ಎಂಬುದನ್ನೇ ಒಂದು ಪ್ರಶ್ನೆಯಾಗಿಸಿ. ಗುಂಪಿನ ಚರ್ಚೆ ಕನ್ನಡದಲ್ಲಿ ನಡೆಯಲಿ. ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸುವ ಶ್ರಮದಲ್ಲಿರುವ ಹುಡುಗಿಗೆ ಪಲ್ಸ್ ಏಕೆ ಏರಿತೆಂದು ಯೋಚಿಸಲು ಜಾಗ ಉಳಿಯುವುದಿಲ್ಲ.

ತರಗತಿಯನ್ನು ನಡೆಸುವುದು

ಒಂದು ಪ್ರಕರಣಕ್ಕೆ ತೊಂಬತ್ತು ನಿಮಿಷ ಬೇಕು, ಐದಾರು ಜನರ ಗುಂಪು ಸಾಕು. ಪ್ರತಿ ಚೀಟಿ ಕೊಟ್ಟ ಮೇಲೆ ಮೊದಲ ನಾಲ್ಕು ನಿಮಿಷ ಯಾರೂ ಮಾತನಾಡಬಾರದು. ಪ್ರತಿಯೊಬ್ಬರೂ ತಾವು ಕಂಡದ್ದೇನು, ಅದರಿಂದ ಅನಿಸಿದ್ದೇನು, ಈಗ ಮಾಡುವುದೇನು ಎಂದು ತಮ್ಮ ಹಾಳೆಯಲ್ಲಿ ಪೆನ್ನಿನಿಂದ ಬರೆಯಬೇಕು. ಪೆನ್ಸಿಲ್ ಬೇಡ ಎಂಬ ನನ್ನ ನಿಯಮಕ್ಕೆ ಕಾರಣವಿದೆ: ಮುಂದಿನ ಚೀಟಿ ಬಂದ ಮೇಲೆ ‘ನಾನೂ ಅದನ್ನೇ ಅಂದುಕೊಂಡಿದ್ದೆ’ ಎನ್ನುವುದು ಮನುಷ್ಯ ಸ್ವಭಾವ, ಅಳಿಸಲಾಗದ ಬರಹ ಅದಕ್ಕೆ ಅವಕಾಶ ಕೊಡುವುದಿಲ್ಲ. ಈ ನಾಲ್ಕು ನಿಮಿಷಗಳಿಲ್ಲದೆ ಚರ್ಚೆ ಶುರುವಾದರೆ ಪ್ರತಿ ಗುಂಪಿನಲ್ಲಿ ಒಬ್ಬ ಚುರುಕಿನವರು ಹೇಳಿದ್ದೇ ಎಲ್ಲರ ತೀರ್ಮಾನವಾಗುತ್ತದೆ, ಉಳಿದ ಐವರು ತಲೆದೂಗಿ ಮನೆಗೆ ಹೋಗುತ್ತಾರೆ.

ಉತ್ತರ ಬಂದಾಗ ಸರಿ ತಪ್ಪು ಎನ್ನುವ ಮೊದಲು ‘ಹಾಗೇಕೆ ಅನ್ನಿಸಿತು?’ ಎಂದು ಕೇಳಿ. ಇದನ್ನು ಸರಿ ಉತ್ತರಕ್ಕೂ ಕೇಳಬೇಕು, ತಪ್ಪು ಉತ್ತರಕ್ಕೂ ಕೇಳಬೇಕು. ತಪ್ಪಿಗೆ ಮಾತ್ರ ಕೇಳಿದರೆ ಎರಡೇ ತರಗತಿಯಲ್ಲಿ ಮಕ್ಕಳು ಆ ಪ್ರಶ್ನೆಯನ್ನು ಬೈಗುಳವೆಂದು ತಿಳಿಯುತ್ತಾರೆ. 9ನೇ ಹಾಸಿಗೆಗೆ ಮೊದಲು ಹೋದ ಗುಂಪನ್ನು ನಾನು ವಿಶೇಷವಾಗಿ ಮಾತನಾಡಿಸುತ್ತೇನೆ. ಕೂಗುವವರ ಕಡೆಗೆ, ಅದರಲ್ಲೂ ಗದರುವ ಅಣ್ಣನ ಕಡೆಗೆ, ಕಾಲು ತಾನಾಗಿ ಹೋಗುತ್ತದೆ. ಸುಮ್ಮನೆ ಮಲಗಿದವರನ್ನು ಮೊದಲು ನೋಡಿ, ಕೂಗುವವರಿಗೆ ‘ಐದು ನಿಮಿಷಕ್ಕೆ ಬಂದೆ ಅಣ್ಣ’ ಎನ್ನುವುದು ಕಲಿತು ಬರಬೇಕಾದ ಧೈರ್ಯ.

ಕೊನೆಯ ಇಪ್ಪತ್ತೈದು ನಿಮಿಷ ಹಿಂದಿರುಗಿ ನೋಡಲು ಮೀಸಲಿಡಿ. ಗಂಟೆ ಹೊಡೆಯಿತೆಂದು ಈ ಭಾಗವನ್ನೇ ಬಿಟ್ಟುಬಿಡುವುದು ನಮ್ಮೆಲ್ಲರ ದೌರ್ಬಲ್ಯ. ಎಲ್ಲರೂ ಮೊದಲ ಚೀಟಿಯನ್ನು ಮತ್ತೆ ಓದಲಿ. ದೀರ್ಘ ಹೆರಿಗೆ, ಡ್ರಿಪ್, ದೊಡ್ಡ ಮಗು: ಗರ್ಭಕೋಶ ಬಿಗಿಯಾಗದೆ ಸೋಲಬಹುದೆಂಬ ಮೂರು ಸುಳಿವುಗಳು ‘ಆರಾಮಾಗಿದ್ದಾರೆ’ ಎಂಬ ಮಾತಿನ ಕೆಳಗೆ ಮುಚ್ಚಿಹೋಗಿದ್ದವು. ಹೆರಿಗೆಯಾದ ಮೊದಲ ಎರಡು ಗಂಟೆ ಪ್ರತಿ 15 ನಿಮಿಷಕ್ಕೊಮ್ಮೆ ನೋಡಬೇಕಿದ್ದರೂ 1.30ರ ನಂತರ ಚಾರ್ಟ್ ಖಾಲಿಯಾಗಿತ್ತು. ಆದರೆ ಕೊನೆ ಗೊತ್ತಾದ ಮೇಲೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ ಎಂಬುದನ್ನೂ ಹೇಳಿ. ಇಲ್ಲದಿದ್ದರೆ ಬೆಳಗಿನ ಸಿಸ್ಟರ್ ಅವರನ್ನು ದೂರಿ ತರಗತಿ ಮುಗಿಯುತ್ತದೆ, ಪ್ರತಿಯೊಬ್ಬರೂ ತಮ್ಮ ಹಾಳೆಯಲ್ಲಿ ಏನು ಬಿಟ್ಟುಹೋಯಿತೆಂದು ನೋಡಿಕೊಳ್ಳುವುದೇ ಇಲ್ಲ.

ಅಂಕ ಕೊಡಲೇಬೇಕಾದರೆ ಕ್ಯಾಥಿ ಲಸಾಟರ್ ಅವರು 2007ರಲ್ಲಿ ಟ್ಯಾನರ್ ಮಾದರಿಯ ಮೇಲೆ ರೂಪಿಸಿದ ಅಳತೆಪಟ್ಟಿಯನ್ನು ಬಳಸಬಹುದು. ಅದರಲ್ಲಿ 11 ಅಂಶಗಳೂ ನಾಲ್ಕು ಮಟ್ಟಗಳೂ ಇವೆ. ಅರವತ್ತು ಜನರ ತರಗತಿಗೆ ಅದನ್ನು ಪೂರ್ತಿ ಬಳಸುವುದು ಕಷ್ಟ, ಆದ್ದರಿಂದ ನಾನು ಒಂದು ಪ್ರಕರಣಕ್ಕೆ ಎರಡು ಮೂರು ಅಂಶಗಳನ್ನಷ್ಟೇ ನೋಡುತ್ತೇನೆ. ಪಿ.ಪಿ.ಎಚ್. ಎಂದು ಮೊದಲ ಚೀಟಿಗೇ ಊಹಿಸಿ ಕಾರಣ ಹೇಳಲಾಗದವರಿಗಿಂತ, ‘ನಿದ್ದೆಯಿರಬಹುದು, ಆದರೂ ಹತ್ತು ನಿಮಿಷಕ್ಕೆ ಪಲ್ಸ್ ಮತ್ತೆ ನೋಡುತ್ತೇನೆ’ ಎಂದು ಬರೆದವರಿಗೆ ಹೆಚ್ಚು ಅಂಕ ಕೊಡಬೇಕು. ಇದನ್ನು ಮೊದಲೇ ತಿಳಿಸಿಬಿಟ್ಟರೆ ಜಗಳ ಕಡಿಮೆ.

ನಾಲ್ಕೈದು ಪ್ರಕರಣಗಳಾದ ಮೇಲೆ ಮಕ್ಕಳಿಗೆ ಒಂದು ಚಟ ಅಂಟುತ್ತದೆ: ಮೇಡಂ ಕೊಟ್ಟ ಚೀಟಿಯಲ್ಲಿ ಏನೋ ಅನಾಹುತ ಅಡಗಿದೆ ಎಂದು ಹುಡುಕುವುದು. ಅದನ್ನು ಮುರಿಯಲು ಏನೂ ಆಗದ ಪ್ರಕರಣಗಳನ್ನೂ ನಡುನಡುವೆ ಸೇರಿಸಿ. ಅದೇ ಬಾಣಂತಿ, ಅದೇ ಕಂಬಳಿ, ಅದೇ ಅತ್ತೆ. ಪಲ್ಸ್ 84, ಗರ್ಭಕೋಶ ಗಟ್ಟಿ, ಬಟ್ಟೆ ಒಣ. ಪರೀಕ್ಷಿಸಿ, ಬರೆದಿಟ್ಟು, ನಿದ್ದೆ ಮಾಡಲು ಬಿಡುವುದೂ ಒಂದು ತೀರ್ಮಾನ. ಅದನ್ನು ಎಷ್ಟು ನೋಡಿದ ಮೇಲೆ ಕೈಗೊಂಡರು ಎಂಬುದೇ ಅಲ್ಲಿಯ ಪ್ರಶ್ನೆ.

ತರಗತಿಯ ಮಾರನೆಯ ಬೆಳಿಗ್ಗೆ ವಾರ್ಡಿಗೆ ಕರೆದೊಯ್ದಾಗ, ಕೇಸ್ ಶೀಟ್ ತೆರೆಯುವ ಮೊದಲು ಪ್ರತಿಯೊಬ್ಬರೂ ತಮ್ಮ ರೋಗಿಯ ಬಳಿ ಎರಡು ನಿಮಿಷ ನಿಂತು, ಕಂಡ ಮೂರು ವಿಷಯಗಳನ್ನು ಬರೆದುಕೊಂಡು ಬರಲಿ. ಫೈಲ್ ಆಮೇಲೆ ನೋಡಿ, ಅದರಲ್ಲಿಲ್ಲದ ಯಾವುದು ತಮ್ಮ ಚೀಟಿಯಲ್ಲಿದೆ ಎಂದು ಹೇಳಲಿ.

ಒಂದು ಕಿವಿಮಾತು. ಹಾಸ್ಟೆಲಿನಲ್ಲಿ ಸೀನಿಯರ್‌ಗಳು ಜೂನಿಯರ್‌ಗಳಿಗೆ ಪ್ರಕರಣಗಳ ಉತ್ತರವನ್ನು ಹೇಳಿಕೊಟ್ಟೇ ಕೊಡುತ್ತಾರೆ. ‘6ನೇ ಬೆಡ್ ಬಂದರೆ ಯೂಟ್ರಸ್ ಮುಟ್ಟಿ ನೋಡ್ತೀವಿ ಅನ್ನು’ ಎಂಬ ಸೂಚನೆ ಒಂದೇ ವರ್ಷದಲ್ಲಿ ಹಬ್ಬಿತ್ತು. ಇದಕ್ಕೆ ಹೊಸ ಪ್ರಕರಣ ಬರೆಯಬೇಕಿಲ್ಲ, ಉತ್ತರದ ಹಾಳೆಯಲ್ಲಿ ಒಂದು ಸಾಲು ಬದಲಿಸಿದರೆ ಸಾಕು. ಪಲ್ಸ್, ಬಿ.ಪಿ., ತೊಯ್ದ ಬಟ್ಟೆ ಎಲ್ಲವನ್ನೂ ಹಾಗೆಯೇ ಇಟ್ಟು, ಗರ್ಭಕೋಶ ಮುಟ್ಟಿದವರಿಗೆ ‘ಗಟ್ಟಿಯಾಗಿದೆ, ನಡುವಿನಲ್ಲೇ ಇದೆ’ ಎಂದು ಹೇಳಿ, ಪೆನ್ನುಗಳು ಎಲ್ಲಿ ನಿಲ್ಲುತ್ತವೆಂದು ನೋಡಿ. ಗರ್ಭಕೋಶ ಗಟ್ಟಿಯಿದ್ದೂ ರಕ್ತ ಹೋಗುತ್ತಿದ್ದರೆ ಎಲ್ಲೋ ಹರಿದಿರಬೇಕು ಎಂಬಲ್ಲಿಗೆ ಯಾವ ಗುಂಪು ತಾನಾಗಿ ತಲುಪುತ್ತದೆಯೋ, ಆ ಗುಂಪಿಗೆ ಮುಂದಿನ ವಾರ ಚೀಟಿ ಬರೆಯುವ ಕೆಲಸವನ್ನು ಒಪ್ಪಿಸಿ.